ಮೊದಲ ಡೋಸು

ತಟ್ಟೆಯನ್ನು ಹತ್ತು ಗಂಟೆಗೆ ಮೊದಲು ಹೊರಗೆ ತೆಗೆಯುವಂತಿಲ್ಲ ಎಂಬ ನಿಯಮವನ್ನು ಈ ಲ್ಯಾಬಿನಲ್ಲಿ ಮಾಡಿದವಳು ಅವಳೇ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಎಷ್ಟೋ ಡಾಕ್ಟರುಗಳು ಬಾಗಿಲಲ್ಲಿ ನಿಂತು, ‘ಸ್ವಲ್ಪ ಇಣುಕಿ ನೋಡ್ಬಾರ್ದಾ ಮೇಡಂ’ ಎಂದು ಹಲ್ಲು ಗಿಂಜಿದ್ದರು. ಅಷ್ಟು ಜನಕ್ಕೂ ‘ಬೆಳೆಯೋದಕ್ಕೆ ಬಿಡ್ರೀ, ನಿಮ್ಮ ಅವಸರ ನೋಡಿ ಅದೇನು ಓಡಿ ಬರಲ್ಲ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದಳು. ಈಗ ಗಡಿಯಾರದಲ್ಲಿ ಎಂಟು ಐವತ್ತು. ಬೆಚ್ಚಗಿನ ಪೆಟ್ಟಿಗೆಯ ಗಾಜಿನ ಬಾಗಿಲಿನ ಹಿಂದೆ, ಎರಡನೆಯ ಹಲಗೆಯ ಮೇಲೆ, ಎಡಗಡೆಯಿಂದ ಮೂರನೆಯದು ಅವಳ ಮೊಮ್ಮಗಳ ತಟ್ಟೆ. ಮೂರು ದಿನದ ಕೂಸಿನ ರಕ್ತದಲ್ಲಿ ಸಿಕ್ಕ ಕ್ರಿಮಿಯನ್ನು ನಿನ್ನೆ ಸಂಜೆ ನಾಲ್ಕಕ್ಕೆ ಆ ಅಂಗೈಯಗಲದ ತಟ್ಟೆಯ ತುಂಬ ಬಳಿದು, ಮೇಲೆ ಆರು ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟಿದ್ದರು. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಔಷಧಿ. ಔಷಧಿಗೆ ಆ ಕ್ರಿಮಿಯನ್ನು ಕೊಲ್ಲುವ ತಾಕತ್ತಿದ್ದರೆ ಬಿಲ್ಲೆಯ ಸುತ್ತ ತಿಳಿಯಾದ ಒಂದು ವೃತ್ತ ಬೀಳುತ್ತದೆ. ಇಲ್ಲದಿದ್ದರೆ ಕ್ರಿಮಿ ಬಿಲ್ಲೆಯ ಅಂಚಿನವರೆಗೂ ಬೆಳೆದು ನಿಲ್ಲುತ್ತದೆ. ಅಷ್ಟೇ ಅವಳ ವಿದ್ಯೆ. ಆ ವಿದ್ಯೆಯಿಂದಾಗಿ ಇಡೀ ಆಸ್ಪತ್ರೆ ಅವಳನ್ನು ತಟ್ಟೆ ಮೇಡಂ ಎಂದು ಕರೆಯುತ್ತಿತ್ತು, ಎದುರಿಗಲ್ಲ, ಆದರೆ ಅವಳಿಗೆ ಕೇಳಿಸುವ ಹಾಗೆ. ಅವಳಿಗೆ ಅದು ಇಷ್ಟವೇ.

‘ನೀವು ಹೀಗೆ ಕಣ್ಣು ಕಿಸಿದು ನೋಡ್ತಾ ಕೂತ್ರೆ ಪೆಟ್ಟಿಗೆ ಕೆಟ್ಟುಹೋಗುತ್ತೆ ಮೇಡಂ,’ ಎಂದ ಕನ್ನಡಕ. ಅವನು ಅವಳ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಟೆಕ್ನಿಷಿಯನ್. ದೂರಕ್ಕೊಂದು ಹತ್ತಿರಕ್ಕೊಂದು ಎಂದು ಎರಡು ಕನ್ನಡಕ ಇಟ್ಟುಕೊಂಡು ಯಾವಾಗಲೂ ಒಂದನ್ನು ಹುಡುಕುತ್ತಿರುತ್ತಾನೆ, ಅದಕ್ಕೇ ಆ ಹೆಸರು. ‘ಮೇಲೆ ಹೋಗಿ ಕೂಸಿನ ಮುಖ ನೋಡ್ಕೊಂಡು ಬನ್ನಿ. ರಿಪೋರ್ಟ್ ಇಲ್ದೆ ಅಜ್ಜಿ ಮೊಮ್ಮಗಳನ್ನ ನೋಡೋ ಹಾಗಿಲ್ಲ ಅಂತಾನೂ ರೂಲ್ ಮಾಡಿದೀರಾ?’

‘ನಿನ್ನೆ ಸಂಜೆ ನೋಡಿದೀನಿ.’

‘ನಿನ್ನೆ ಸಂಜೆ ಹೇಗಿತ್ತು?’

‘ಹಾಗೇ ಇತ್ತು,’ ಎಂದಳು. ಹಾಗೇ ಎಂದರೆ ಹೇಗೆ ಎಂದು ಅವನು ಕೇಳಲಿಲ್ಲ, ಪುಣ್ಯಾತ್ಮ. ಮೂಗಿನಲ್ಲಿ ನಳಿಕೆ, ಕೈಗೆ ಅಂಟಿಸಿದ ಸೂಜಿ, ಎದೆಗೂಡು ಇನ್ನೂ ಅವಸರವಸರವಾಗಿ ಏಳುತ್ತ ಬೀಳುತ್ತ. ಕೆಟ್ಟಿಲ್ಲ, ಸುಧಾರಿಸಿಯೂ ಇಲ್ಲ. ಮೇಲೆ ಹೋಗಬಹುದಿತ್ತು, ಎರಡೇ ಮಹಡಿ. ಆದರೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಮಗ ಕೂತಿರುತ್ತಾನೆ, ಮೊಣಕಾಲ ಮೇಲೆ ಮೊಣಕೈ ಊರಿ. ಅವಳು ಬಂದರೆ ಅವನು ತಲೆಯೆತ್ತುವುದಿಲ್ಲ. ನಿನ್ನೆ ಮೂರು ಸಲ ಅವನ ಮುಂದೆ ಹಾದುಹೋಗಿದ್ದಳು, ಮೂರು ಸಲವೂ ಅವನು ನೆಲದ ಟೈಲ್ಸನ್ನು ಹೊಸದಾಗಿ ಕಂಡವನಂತೆ ನೋಡುತ್ತಿದ್ದ. ಅವನನ್ನು ಅವಳು ಹೆತ್ತಿದ್ದಾಳೆ. ಅವನ ಮುಂದೆ ಅಪರಾಧಿಯ ಹಾಗೆ ಕಾಲು ಸದ್ದು ಮಾಡದೆ ನಡೆಯಬೇಕಾಗಿ ಬಂತಲ್ಲ ಎಂದು ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು. ಎರಡನ್ನೂ ಮೆಟ್ಟಿಲ ಮೇಲೇ ಮುಗಿಸಿಕೊಂಡು ಬಂದಿದ್ದಳು.

ಸೋಮವಾರ ಹನ್ನೊಂದು ಗಂಟೆಗೆ ಫೋನು ಬಂದಾಗ ಅವಳು ಇದೇ ಕುರ್ಚಿಯಲ್ಲಿ ಕೂತು ಟೀ ಆರಿಸಿಕೊಳ್ಳುತ್ತಿದ್ದಳು. ‘ಕೂಸು ಯಾಕೋ ಹಾಲು ಕುಡೀತಿಲ್ಲ ಅಮ್ಮಾ, ಬೆಳಗ್ಗೆಯಿಂದ,’ ಎಂದ ಮಗ, ದೊಡ್ಡ ವಿಷಯವೇನಲ್ಲ ಎನ್ನುವ ದನಿಯಲ್ಲಿ. ಅವನು ಲಿಫ್ಟ್ ರಿಪೇರಿ ಮಾಡುವವನು. ಕೆಟ್ಟದ್ದೆಲ್ಲ ಸರಿಯಾಗುತ್ತದೆ ಎಂದು ನಂಬಿದವನು. ಅವಳು ಟೀ ಲೋಟ ಇಟ್ಟು ಮೇಲಿನ ವಾರ್ಡಿಗೆ ಓಡಿದ್ದಳು. ಮೂವತ್ತು ಗಂಟೆಯ ಕೂಸು ಬಟ್ಟೆಯ ಗೊಂಬೆಯ ಹಾಗೆ ಕೈಕಾಲು ಚೆಲ್ಲಿ ಮಲಗಿತ್ತು. ಅಂಗಾಲು ಮುಟ್ಟಿದರೆ ತಣ್ಣಗೆ. ನಿಮಿಷಕ್ಕೆ ಎಪ್ಪತ್ತೆರಡು ಉಸಿರು. ಬಣ್ಣ ಕೆಂಪೂ ಅಲ್ಲ ಬಿಳಿಯೂ ಅಲ್ಲ, ಒರೆಸದೆ ಬಿಟ್ಟ ಸ್ಲೇಟಿನದು. ಅವಳು ಡಾಕ್ಟರಲ್ಲ, ಕೂಸುಗಳನ್ನು ಎತ್ತಿ ನೋಡುವ ಕೆಲಸ ಅವಳದಲ್ಲ. ಆದರೂ ರಕ್ತಕ್ಕೆ ನಂಜೇರಿದೆ ಎಂದು ನೋಡಿದೊಡನೆ ಗೊತ್ತಾಯಿತು. ಮಕ್ಕಳ ವಾರ್ಡಿನ ಚೀಫ್ ಆಗಲೇ ಬಂದು ನಿಂತಿದ್ದ. ರಕ್ತ ತೆಗೆದು ಬಾಟಲಿಗೆ ಹಾಕಿಯಾಗಿತ್ತು. ಇನ್ನು ಔಷಧಿ ಶುರು ಮಾಡಬೇಕು. ಯಾವುದು?

ಇದೊಂದು ಪ್ರಶ್ನೆಯ ಸುತ್ತಲೇ ಅವಳ ಬದುಕು ತಿರುಗಿದೆ ಎಂದರೂ ತಪ್ಪಿಲ್ಲ. ತಟ್ಟೆ ಓದಿ ಇಂಥ ಕ್ರಿಮಿಗೆ ಇಂಥ ಔಷಧಿ ಎಂದು ಹೇಳಲು ಎರಡು ದಿನ ಬೇಕು. ಕೂಸಿಗೆ ಎರಡು ದಿನ ಇರುವುದಿಲ್ಲ, ಒಂದು ಗಂಟೆ ಇರುತ್ತದೆ. ಆದ್ದರಿಂದ ಮೊದಲ ಡೋಸು ಯಾವಾಗಲೂ ಊಹೆ. ಆದರೆ ಊಹೆಯಲ್ಲೂ ಕುರುಡು ಊಹೆ ಬೇರೆ, ತಿಳಿದು ಮಾಡಿದ ಊಹೆ ಬೇರೆ: ಈ ವಾರ್ಡಿನ ಕೂಸುಗಳಲ್ಲಿ ಇಲ್ಲಿಯವರೆಗೆ ಯಾವ ಕ್ರಿಮಿ ಸಿಕ್ಕಿದೆ, ಯಾವ ಔಷಧಿಗೆ ಅದು ಸತ್ತಿದೆ ಎಂದು ಎರಡು ವರ್ಷಕ್ಕೊಮ್ಮೆ ಪಟ್ಟಿ ಮಾಡಿ ವಾರ್ಡಿನ ಗೋಡೆಗೆ ಅಂಟಿಸುವವಳು ಅವಳು. ವಾರ್ಡಿನಲ್ಲಿ ಎರಡು ದಾರಿಗೆ ಎರಡು ಅಡ್ಡಹೆಸರು. ಆಂಪಿಸಿಲಿನ್, ಜೆಂಟಾಮೈಸಿನ್ ಎರಡನ್ನೂ ಕೂಡಿಸಿ ಕೊಟ್ಟರೆ ಅದು ಹಳೇ ಜೋಡಿ. ಅದಕ್ಕೆ ಬಗ್ಗದವಕ್ಕೆಂದು ಬೀಗ ಹಾಕಿಟ್ಟ ದೊಡ್ಡ ಔಷಧಿ ಇದೆಯಲ್ಲ, ಅದಕ್ಕೆ ಬರೀ ಬೀರು ಎಂದೇ ಹೆಸರು. ‘ಬೀರು ತೆಗೀರಿ’ ಎಂದರೆ ಅಲ್ಲಿ ಯಾರೂ ಬಟ್ಟೆ ಹುಡುಕುವುದಿಲ್ಲ.

‘ಗೋಡೆ ಮೇಲಿನ ನಿಮ್ಮ ಕಾಗದದ ಪ್ರಕಾರ ಹಳೇ ಜೋಡಿ,’ ಎಂದಿದ್ದ ಚೀಫ್. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಒಳ್ಳೆಯ ಡಾಕ್ಟರ್, ಸ್ವಲ್ಪ ಹಟಮಾರಿ. ‘ಆದ್ರೆ ಇದು ನಿಮ್ಮ ಮೊಮ್ಮಗಳು. ನೀವು ಹೂಂ ಅಂದ್ರೆ ಬೀರು ತೆಗೀತೀನಿ. ಯಾರೂ ಏನೂ ಅನ್ನಲ್ಲ. ಹೇಳಿ ಮೇಡಂ, ಯಾವುದು ಶುರು ಮಾಡ್ಲಿ?’ ಅವನು ದಯೆಯಿಂದ ಕೇಳಿದನೋ, ಹಳೆಯ ಮುಯ್ಯಿ ತೀರಿಸಿಕೊಳ್ಳಲು ಕೇಳಿದನೋ ಅವಳಿಗೆ ಇವತ್ತಿಗೂ ಬಗೆಹರಿದಿಲ್ಲ. ಎರಡೂ ಇರಬಹುದು. ಮಗ ನಡುವೆ ಬಂದ. ‘ಇದೇನ್ ಕೇಳೋ ಪ್ರಶ್ನೇನಾ ಸಾರ್? ಯಾವುದು ದೊಡ್ಡದೋ ಅದನ್ನ ಹಾಕಿ. ಲಿಫ್ಟ್ ಜಾರ್ತಾ ಇದ್ರೆ ನಾನು ಸಣ್ಣ ಹಗ್ಗ ಕಟ್ಟಿ ನೋಡೋಣ ಅನ್ನಲ್ಲ.’ ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಪರದೆಯ ಆಚೆ ಸೊಸೆ ಮಲಗಿದ್ದಳು, ಹೊಲಿಗೆ ಹಾಕಿಸಿಕೊಂಡು. ಅವಳನ್ನು ಯಾರೂ ಕೇಳಲಿಲ್ಲ. ಅವಳೂ ಮಾತಾಡಲಿಲ್ಲ. ಸೊಸೆ ಬಸ್ಸಿನ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಮುಂದಿನ ಬಾಗಿಲಿಂದ ಕೂಗಿದರೆ ಹಿಂದಿನ ಸೀಟಿನವನು ನಿದ್ದೆಯಿಂದ ಏಳಬೇಕು, ಅಂಥ ಗಂಟಲು. ಆ ಗಂಟಲನ್ನು ಕುರಿತು ತಟ್ಟೆ ಮೇಡಂ ಮಗನ ಮದುವೆಯ ಹೊಸತರಲ್ಲಿ ತನ್ನ ತಂಗಿಯ ಹತ್ತಿರ ಮೂಗು ಮುರಿದದ್ದೂ ಉಂಟು. ಆವತ್ತು ಪರದೆಯ ಆಚೆಯಿಂದ ಒಂದು ಕೆಮ್ಮೂ ಬರಲಿಲ್ಲ.

‘ಹಳೇ ಜೋಡಿ,’ ಎಂದಿದ್ದಳು ಅವಳು. ದನಿ ನಡುಗಲಿಲ್ಲ. ಅದೇ ತಪ್ಪಾಯಿತೇನೋ, ನಡುಗಿದ್ದರೆ ಮಗ ಕ್ಷಮಿಸುತ್ತಿದ್ದ. ಹಿರಿಯ ಸಿಸ್ಟರ್ ಸಿರಿಂಜ್ ತುಂಬಿಕೊಂಡು ಬಂದು ಆ ಕಡ್ಡಿಯಂಥ ಕೈಗೆ ಮೊದಲ ಡೋಸು ಹಾಕಿದಾಗ ಹನ್ನೊಂದು ನಲವತ್ತು. ಕಾರಿಡಾರಿಗೆ ಬಂದ ಮೇಲೆ ಮಗ ಮೆಲ್ಲಗೆ ಹೇಳಿದ, ‘ನಿನ್ನ ಕಾಗದ ಗೆಲ್ಲಬೇಕು. ಅಷ್ಟೇ ತಾನೆ ಅಮ್ಮಾ?’

ಅಷ್ಟೇನಾ? ಎರಡು ದಿನದಿಂದ ಸ್ನಾನ ಮಾಡುವಾಗ, ರಸ್ತೆ ದಾಟುವಾಗ, ಪಕ್ಕದ ಮನೆಯವರು ‘ಅಜ್ಜಿ ಆದ್ರಂತೆ’ ಎಂದು ನಕ್ಕಾಗ, ಆ ಪ್ರಶ್ನೆ ಬೆನ್ನು ಬಿಟ್ಟಿರಲಿಲ್ಲ. ಜಂಬ ಅವಳಿಗೆ ಇದ್ದದ್ದೇ. ಇಲ್ಲವೆಂದು ಯಾರ ಮುಂದೆಯೂ ಹೇಳಿಕೊಂಡವಳಲ್ಲ. ಆ ಗೋಡೆಯ ಕಾಗದ ಅಂಟಿಸಿ ಇಪ್ಪತ್ತೇಳು ದಿನವಾಗಿತ್ತು, ಕೆಳಗೆ ಅವಳ ಸಹಿ. ಮೊದಲ ವಾರದಲ್ಲಿ ಏನಾದರೂ ನೆಪ ಮಾಡಿಕೊಂಡು ವಾರ್ಡಿಗೆ ಹೋಗಿ ಅದನ್ನು ನೋಡಿ ಬರುತ್ತಿದ್ದಳು. ಆದರೆ ಆ ಕಾಗದ ಹುಟ್ಟಿದ್ದು ಜಂಬದಿಂದಲ್ಲ. ಅವಳ ಬದುಕಿನ ಅತಿ ದೊಡ್ಡ ನಾಚಿಕೆಯಿಂದ.

ಎರಡು ವರ್ಷದ ಹಿಂದಿನ ಪಟ್ಟಿಯನ್ನು ಮಾಡಿದ್ದೂ ಅವಳೇ. ಮೂವತ್ತೊಂದು ಸ್ಯಾಂಪಲ್, ಅದರಲ್ಲಿ ಹನ್ನೆರಡಕ್ಕೆ ಹಳೇ ಜೋಡಿ ನಾಟಿಲ್ಲ. ಐದಕ್ಕೆ ಎರಡು ಎಂದರೆ ಯಾವ ಡಾಕ್ಟರಿಗೆ ಧೈರ್ಯ ಬರುತ್ತದೆ? ಚೀಫ್ ಆ ಕಾಗದ ನೋಡಿ ಎಲ್ಲ ಕೂಸುಗಳಿಗೂ ಮೊದಲ ಡೋಸೇ ಬೀರು ಎಂದು ಆರ್ಡರ್ ಮಾಡಿದ. ತಪ್ಪು ಅವನದಲ್ಲ. ಹುಟ್ಟಿದ ಕೂಸುಗಳಿಗೆ ಹೆಸರಿರುವುದಿಲ್ಲ, ಇಂಥವಳ ಕೂಸು ಎಂದು ತಾಯಿಯ ಹೆಸರಲ್ಲಿ ಬರುತ್ತವೆ; ಲ್ಯಾಬಿನಲ್ಲಿ ಆ ಹೆಸರೂ ಹೋಗಿ, ಬಂದ ಪ್ರತಿ ಬಾಟಲಿಗೂ ಹೊಸ ನಂಬರು. ಹೊಸ ನಂಬರು ಎಂದರೆ ಹೊಸ ಕೂಸು ಎಂದು ಅವಳು ಎಣಿಸುತ್ತ ಹೋದಳು. ಎರಡು ವರ್ಷ ಕಳೆದ ಮೇಲೆ, ಒಂದು ರಜೆಯ ದಿನ, ಮಾಡಲು ಕೆಲಸವಿಲ್ಲದೆ ಹಳೆಯ ರಿಜಿಸ್ಟರ್ ತಿರುವುವಾಗ ಒಂದೇ ತಾಯಿಯ ಹೆಸರು ಒಂಬತ್ತು ಸಲ ಕಣ್ಣಿಗೆ ಬಿತ್ತು. ನಲವತ್ತೇಳು ದಿನ ವಾರ್ಡಿನಲ್ಲಿದ್ದ ಒಂದೇ ಕೂಸು. ಒಂದೇ ಮೊಂಡು ಕ್ರಿಮಿ. ಒಂಬತ್ತು ಬಾಟಲಿ, ಒಂಬತ್ತು ನಂಬರು. ಅದನ್ನು ಒಂದೇ ಎಂದು ಎಣಿಸಿದರೆ ಇಪ್ಪತ್ತಮೂರು ಕೂಸುಗಳಲ್ಲಿ ನಾಲ್ಕು. ಹೆಚ್ಚುಕಡಿಮೆ ಆರರಲ್ಲಿ ಒಂದು. ಆದರೆ ಆ ಎರಡು ವರ್ಷದಲ್ಲಿ ಬೀರನ್ನು ಕಂಡಕಂಡವರಿಗೆ ಕೊಟ್ಟು ಕೊಟ್ಟು, ಕ್ರಿಮಿಗಳು ಅದನ್ನೂ ಕಲಿತುಕೊಂಡಿದ್ದವು. ಹಿಂದಿನ ಬೇಸಿಗೆಯಲ್ಲಿ ಒಂದು ತಟ್ಟೆ ತೆಗೆದಾಗ ಆರು ಬಿಲ್ಲೆಗಳಲ್ಲಿ ಯಾವುದರ ಸುತ್ತಲೂ ವೃತ್ತವಿರಲಿಲ್ಲ. ಅಂಚಿನಿಂದ ಅಂಚಿಗೆ ಒಂದೇ ಸಮನೆ ಬೆಳೆದು ನಿಂತಿತ್ತು. ಆ ಕೂಸು ಗಂಡು. ಎಂಟು ದಿನ ಇತ್ತು. ಅದು ಅವಳ ಎಣಿಕೆಯಿಂದಲೇ ಸತ್ತಿತು ಎಂದು ಯಾರೂ ಹೇಳಲಾರರು. ಅಲ್ಲ ಎಂದು ಅವಳು ಹೇಳಲಾರಳು.

ಸುಮ್ಮನಿರಬಹುದಿತ್ತು. ಹೊಸ ಪಟ್ಟಿಯಲ್ಲಿ ಸದ್ದಿಲ್ಲದೆ ಸರಿಪಡಿಸಿ, ಕ್ರಿಮಿಗಳು ಬದಲಾಗಿವೆ ಎಂದುಬಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ತಿಂಗಳ ಮೀಟಿಂಗಿನಲ್ಲಿ ಎದ್ದು ನಿಂತಳು. ಇಡೀ ಆಸ್ಪತ್ರೆಯ ಡಾಕ್ಟರುಗಳೆಲ್ಲ ಇದ್ದರು. ಒಂದು ಕೂಸನ್ನು ಒಂಬತ್ತು ಸಲ ಎಣಿಸಿದೆ, ತಪ್ಪು ನನ್ನದು ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ‘ಎರಡು ವರ್ಷ ನಿಮ್ಮ ಕಾಗದ ನಂಬ್ಕೊಂಡು ಕಣ್ಣುಮುಚ್ಚಿ ಓಡಿದ್ವಿ ಮೇಡಂ,’ ಎಂದ ಚೀಫ್, ಕಿವಿ ಕೆಂಪಗೆ ಮಾಡಿಕೊಂಡು. ‘ಈಗ ಹಿಂದಕ್ಕೆ ಓಡಿ ಅಂತೀರಿ.’ ‘ಹೌದು,’ ಎಂದಿದ್ದಳು. ಹೊರಗೆ ಬಂದು ಬಚ್ಚಲಿನಲ್ಲಿ ಮುಖ ತೊಳೆಯುವಾಗ ಕನ್ನಡಿಯಲ್ಲಿ ಕಂಡ ಹೆಂಗಸಿನ ಬಗ್ಗೆ ಅವಳಿಗೆ ಇದ್ದಕ್ಕಿದ್ದ ಹಾಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅದೇ ಕಾರಣಕ್ಕೆ ಮತ್ತೆ ನಾಚಿಕೆಯಾಯಿತು. ತಪ್ಪು ಒಪ್ಪಿಕೊಂಡು ಹಿಗ್ಗುವ ಹೆಣ್ಣು ಲೋಕದಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಆರರಲ್ಲಿ ಒಂದು. ಆ ಒಂದು ಯಾರ ಮನೆಯ ಕೂಸು ಎಂದು ಕಾಗದದಲ್ಲಿ ಬರೆದಿರಲಿಲ್ಲ. ಸೋಮವಾರ ‘ಹಳೇ ಜೋಡಿ’ ಎನ್ನುವಾಗ ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರ ಕೂಸಿಗೆ ಇದು ಸಾಕು, ನನ್ನದಕ್ಕೆ ಬೀರು ಎಂದಿದ್ದರೆ ಮಧ್ಯಾಹ್ನದೊಳಗೆ ವಾರ್ಡಿನ ಒಬ್ಬ ಸಿಸ್ಟರಾದರೂ ಆ ಕಾಗದವನ್ನು ನಂಬುತ್ತಿದ್ದಳೇ? ಒಂದು ವಾರದಲ್ಲಿ ಎಲ್ಲರಿಗೂ ಬೀರು. ಮತ್ತೆ ವೃತ್ತವಿಲ್ಲದ ತಟ್ಟೆ. ಇದನ್ನೆಲ್ಲ ಆಗ ಯೋಚಿಸಿದಳೋ, ಈಗ ಸಮಾಧಾನಕ್ಕೆ ಕಟ್ಟಿಕೊಳ್ಳುತ್ತಿದ್ದಾಳೋ? ಆ ಕ್ಷಣ ಬಾಯಲ್ಲಿ ಬಂದದ್ದು ಎರಡೇ ಪದ. ಅದು ತಿಳಿವಳಿಕೆ ಆಡಿಸಿದ್ದೋ, ಇಪ್ಪತ್ತೇಳು ದಿನದ ಕಾಗದವನ್ನು ತನ್ನ ಕೈಯಾರೆ ಹರಿಯಲಾರದ ಜಂಬ ಆಡಿಸಿದ್ದೋ, ಆ ದೇವರಿಗೇ ಗೊತ್ತು.

‘ಮೇಡಂ,’ ಎಂದ ಕನ್ನಡಕ. ‘ಹತ್ತು.’

ಅವಳು ಎದ್ದಳು, ಮತ್ತೆ ಕೂತಳು. ‘ನೀನೇ ಓದು. ಮನೆಯವರ ತಟ್ಟೆ ನಾನು ಓದಬಾರದು.’

‘ಇದೂ ರೂಲಾ?’

‘ಈಗ ಮಾಡಿದೆ.’

ಅವನು ನಗಲಿಲ್ಲ. ಹತ್ತಿರದ ಕನ್ನಡಕವನ್ನು ಹುಡುಕಿದ, ಜೇಬಿನಲ್ಲಿಲ್ಲ, ಮೇಜಿನ ಮೇಲಿಲ್ಲ. ‘ತಲೆ ಮೇಲಿದೆ ಮಾರಾಯ!’ ಎಂದು ಅವಳು ಕಿರುಚಿದಳು. ಅವನು ಅದನ್ನು ಇಳಿಸಿಕೊಂಡು, ತಟ್ಟೆಯನ್ನು ತೆಗೆದು ದೀಪದ ಕೆಳಗೆ ಕವುಚಿ ಹಿಡಿದು, ಅಳತೆಪಟ್ಟಿ ಇಟ್ಟ. ಅವಳು ಕಿಟಕಿಯ ಹೊರಗೆ ಯಾರೋ ಸ್ಕೂಟರನ್ನು ಹಿಂದೆ ಮುಂದೆ ಮಾಡಿ ನಿಲ್ಲಿಸುವುದನ್ನು ನೋಡುತ್ತಿದ್ದಳು.

‘ಆಂಪಿಸಿಲಿನ್,’ ಎಂದ. ತುಸು ತಡೆದ. ‘ಸೊನ್ನೆ ಮೇಡಂ. ಅಂಚಿನ ತನಕ ಬೆಳೆದಿದೆ.’

ಜೋಡಿಯಲ್ಲಿ ಒಂದು ಹೋಯಿತು. ಸ್ಕೂಟರಿನವನು ಇಳಿದು ಕನ್ನಡಿಯಲ್ಲಿ ಕೂದಲು ಸರಿ ಮಾಡಿಕೊಂಡ. ಎರಡು ದಿನದಿಂದ ಆ ಕೂಸಿನ ಮೈಯಲ್ಲಿ ಅರ್ಧ ಔಷಧಿ ಬರೀ ನೀರಿನ ಹಾಗೆ ಹರಿದಿದೆ. ಇನ್ನರ್ಧವೂ ಹಾಗೇ ಆಗಿದ್ದರೆ, ಎಂದುಕೊಂಡಳು, ನಾನು ಇವತ್ತು ಮೆಟ್ಟಿಲು ಹತ್ತಿ ಮಗನಿಗೆ ಹೇಳುತ್ತೇನೆ. ಯಾರ ಕೈಯಲ್ಲೂ ಹೇಳಿಸುವುದಿಲ್ಲ. ನಾನೇ ಹೇಳುತ್ತೇನೆ.

‘ಜೆಂಟಾಮೈಸಿನ್,’ ಎಂದ ಕನ್ನಡಕ. ಅಳತೆಪಟ್ಟಿಯನ್ನು ತಿರುಗಿಸಿ ಇನ್ನೊಮ್ಮೆ ಇಟ್ಟ. ‘ಇಪ್ಪತ್ತೊಂದು.’

‘ಸರಿಯಾಗಿ ನೋಡು.’

‘ಸರಿಯಾಗೇ ನೋಡಿದೀನಿ. ಇಪ್ಪತ್ತೊಂದು ಮಿಲಿಮೀಟರ್. ಬೇಕಾದ್ದಕ್ಕಿಂತ ಜಾಸ್ತೀನೇ ಇದೆ. ನಾಟಿದೆ ಮೇಡಂ, ಮೊದಲನೇ ದಿನದಿಂದಲೇ ನಾಟಿದೆ! ಒಂದು ಎಡವಿದ್ರೆ ಇನ್ನೊಂದು ಹಿಡಿಯುತ್ತೆ ಅಂತ ತಾನೆ ಜೋಡಿ ಕೊಡೋದು.’ ‘ಇಲ್ಲಿ ಬನ್ನಿ, ನೋಡಿ, ಎಷ್ಟು ಚೆನ್ನಾಗಿದೆ.’

ಅವಳು ನೋಡಿದಳು. ಚೆನ್ನಾಗಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಸಾವಿರಾರು ವೃತ್ತ ನೋಡಿದವಳಿಗೆ ಇಷ್ಟು ದುಂಡಗಿನದು ಕಂಡಿರಲಿಲ್ಲ ಎನ್ನಿಸಿತು. ರಿಪೋರ್ಟಿಗೆ ಕನ್ನಡಕನ ಸಹಿ ಹಾಕಿಸಿ, ಅವಳು ಮೆಟ್ಟಿಲು ಹತ್ತಿದಳು, ಈ ಸಲ ಚಪ್ಪಲಿ ಸದ್ದು ಮಾಡಿಕೊಂಡು. ಆ ಕಾಗದವನ್ನು ಮೊದಲು ಮಗನ ಮಡಿಲಿಗೆ ಎಸೆಯಬೇಕು. ಆಮೇಲೆ ಚೀಫ್ ಮುಂದೆ ನಿಂತು ಗಟ್ಟಿಯಾಗಿ ಓದಬೇಕು, ಸಿಸ್ಟರುಗಳೆಲ್ಲ ಇರುವಾಗ. ಇಪ್ಪತ್ತೊಂದು ಎಂಬಲ್ಲಿ ಸ್ವಲ್ಪ ನಿಲ್ಲಿಸಬೇಕು. ಬೆಂಚಿನ ಮೇಲೆ ಮಗ ಇರಲಿಲ್ಲ.

ಒಳಗಿದ್ದ. ಚೀಫ್ ಕೂಡ ಇದ್ದ. ಪರದೆ ಸರಿಸಿತ್ತು. ಸೊಸೆ ದಿಂಬಿಗೊರಗಿ ಕೂತು ಕೂಸನ್ನು ಎದೆಗೆ ಒತ್ತಿಕೊಂಡಿದ್ದಳು. ಮೂಗಿನ ನಳಿಕೆ ಇಲ್ಲ, ಅಂಗಾಲು ಗುಲಾಬಿ. ‘ಬೆಳಗ್ಗೆ ಆರು ಗಂಟೆಯಿಂದ ಕುಡೀತಿದೆ,’ ಎಂದ ಚೀಫ್. ‘ನಿಮಗೆ ಫೋನ್ ಮಾಡಿ ಅಂದೆ. ಇವರು ಬೇಡ, ಅತ್ತೆ ತಾವೇ ಬರ್ಲಿ ಅಂದ್ರು. ತಟ್ಟೆ ಏನು ಹೇಳುತ್ತೆ?’

‘ಜೆಂಟಾಮೈಸಿನ್ ನಾಟಿದೆ.’ ಅಷ್ಟು ಸಣ್ಣದಾಗಿ ಹೇಳುತ್ತೇನೆಂದು ಅವಳು ಅಂದುಕೊಂಡಿರಲಿಲ್ಲ. ಚೀಫ್ ತಲೆದೂಗಿ, ‘ಯಾವುದು ಶುರು ಮಾಡ್ಲಿ ಅಂತ ನಿಮ್ಮ ಹತ್ರ ಇನ್ನೊಂದು ಸಲ ಕೇಳೋ ಧೈರ್ಯ ನಂಗಿಲ್ಲ ಮೇಡಂ,’ ಎಂದ. ಮಗ ಹತ್ತಿರ ಬಂದು ಅವಳ ಮೊಣಕೈ ಹಿಡಿದುಕೊಂಡ. ಮೂಗೆಳೆದ. ಬೇಕಾಗಿದ್ದೆಲ್ಲ ಸಿಕ್ಕಿತ್ತು. ಅವಳ ಎದೆ ಹಿಗ್ಗಿನಿಂದ ಬಿರಿಯುವಂತಿತ್ತು.

‘ಅತ್ತೆ,’ ಎಂದಳು ಸೊಸೆ. ‘ಅವತ್ತು ನೀವೆಲ್ಲ ಮಾತಾಡಿದ್ದು ನಂಗೆ ಕೇಳಿಸ್ತಿತ್ತು.’

‘ನಿನ್ನನ್ನ ಕೇಳಬೇಕಿತ್ತು. ಕೇಳ್ಲಿಲ್ಲ. ತಪ್ಪಾಯ್ತು ಕಣೆ.’

‘ಕೇಳಿದ್ರೆ ಬೀರು ತೆಗೀರಿ ಅಂತಿದ್ದೆ. ಕೂಗಿ ಹೇಳ್ತಿದ್ದೆ.’ ಸೊಸೆ ಕೂಸಿನ ಕೆನ್ನೆಯಿಂದ ಹಾಲು ಒರೆಸಿದಳು. ‘ನಾನು ಕೂಗಿದ್ದಿದ್ರೆ ತೆಗೆಸ್ತಿದ್ರಾ?’

ಇಲ್ಲ ಎನ್ನಬಹುದಿತ್ತು. ಕೈಯಲ್ಲಿ ರಿಪೋರ್ಟಿತ್ತು, ಮಗ ಕೇಳುತ್ತಿದ್ದ, ಚೀಫ್ ಕೇಳುತ್ತಿದ್ದ. ಇಲ್ಲ ಎಂದರೆ ನಂಬದವರು ಅಲ್ಲಿ ಯಾರೂ ಇರಲಿಲ್ಲ. ಆ ಒಂದು ಪದ ನಾಲಿಗೆಯ ತುದಿಗೆ ಬಂದಿತ್ತು.

‘ತೆಗೆಸ್ತಿದ್ದೆ,’ ಎಂದಳು. ‘ಒಂದು ಸಲ ಅತ್ತೆ ಅಂದಿದ್ರೆ ಸಾಕಿತ್ತು.’

‘ಗೊತ್ತಿತ್ತು ನಂಗೆ,’ ಎಂದಳು ಸೊಸೆ. ‘ಅದಕ್ಕೇ ದಿಂಬಿನ ತುದಿ ಬಾಯಿಗೆ ತುರುಕ್ಕೊಂಡು ಮಲಗಿದ್ದೆ. ನಂಗೇನು ಔಷಧಿ ಗೊತ್ತಾ ಅತ್ತೆ? ನೀವು ಗೊತ್ತು. ಅಷ್ಟು ಜನ ಡಾಕ್ಟರ್‌ಗಳ ಮುಂದೆ ತಪ್ಪು ನಂದು ಅಂದೋರು ನನ್ನ ಮಗಳ ವಿಷಯದಲ್ಲಿ ಸುಳ್ಳು ಹೇಳ್ತಾರಾ? ನಾನು ಬಾಯಿ ಬಿಟ್ರೆ ನೀವು ಕೆಡ್ತೀರಿ ಅನ್ನಿಸ್ತು. ಹಲ್ಲು ಕಚ್ಚಿ ಸುಮ್ಮನಿದ್ದೆ.’

ಮೂವತ್ತು ಗಂಟೆಯ ಮಗಳು ಉಸಿರಿಗೆ ಒದ್ದಾಡುತ್ತಿರುವಾಗ, ಹೊಲಿಗೆ ಹಸಿಯಾಗಿರುವಾಗ, ಆ ಗಂಟಲನ್ನು ಈ ಹುಡುಗಿ ಹೇಗೆ ಹಿಡಿದಿಟ್ಟುಕೊಂಡಳು? ತನ್ನ ಕೈಲಿ ಆಗುತ್ತಿತ್ತೇ? ಆಗುತ್ತಿರಲಿಲ್ಲ. ಇವಳು ನನ್ನ ಸೊಸೆ ಎಂದು ಈ ವಾರ್ಡಿನಲ್ಲಿರುವ ಒಬ್ಬೊಬ್ಬರನ್ನೂ ಹಿಡಿದು ನಿಲ್ಲಿಸಿ ಹೇಳಬೇಕು ಎನ್ನಿಸಿತು. ಇಷ್ಟು ಹೆಮ್ಮೆ ಅವಳಿಗೆ ತನ್ನ ಬಗ್ಗೆ ಎಂದೂ ಆಗಿರಲಿಲ್ಲ. ಕಣ್ಣು ಒರೆಸಿಕೊಂಡು, ರಿಪೋರ್ಟನ್ನು ಸೊಸೆಯ ಕೈಗೆ ಕೊಟ್ಟಳು.

‘ಓದು,’ ಎಂದಳು. ‘ಬಸ್ಸಲ್ಲಿ ಕೂಗ್ತೀಯಲ್ಲ, ಹಾಗೆ ಓದು.’